ಎಂ.ಟೆಕ್ ಮುಗಿಸಿದರೆ ಸೇನೆಗೆ ಕ್ಯಾಪ್ಟನ್ ಆಗಿಯೇ ಸೇರಬಹುದಾ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ಮಗಳು ಮಂಡ್ಯದ ಮಿಮ್ಸ್‌ನಲ್ಲಿ ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಮಗ ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಇಬ್ಬರಿಗೂ ಸೇನೆ ಸೇರುವ ಆಸೆ. ಮಗಳು ಸೇರಿದ ದಿನವೇ ಕ್ಯಾಪ್ಟನ್, ಮಗ ಬರೀ ಲೆಫ್ಟಿನೆಂಟ್ ಅಂತ ಕೇಳಿದೆ. ನಮ್ಮ ಭಾವಮೈದ ಹೇಳೋದು ಬೇರೆ. ಮಗನಿಗೆ ಎಂ.ಟೆಕ್ ಮಾಡಿಸಿ, ಅವನೂ ಕ್ಯಾಪ್ಟನ್ ಆಗೇ ಸೇರ್ತಾನೆ ಅಂತಾರೆ. ಯಾವುದು ನಿಜ? ಹೆಚ್ಚು ಓದಿದರೆ ಹೆಚ್ಚಿನ ರ‍್ಯಾಂಕ್ ಸಿಗುತ್ತಾ? ಇನ್ನೊಂದು, ಇಬ್ಬರೂ ಸೇರಿದರೆ ಅವನು ಅಕ್ಕನಿಗೆ ಸೆಲ್ಯೂಟ್ ಹೊಡೀಬೇಕಾ?

ಉತ್ತರ: ನಿಮ್ಮ ಭಾವಮೈದನ ಮಾತು ಕೇಳಿ ಎಂ.ಟೆಕ್‌ಗೆ ದುಡ್ಡು ಕಟ್ಟಬೇಡಿ. ಎಂ.ಟೆಕ್ ಒಳ್ಳೆಯ ಓದೇ. ಆದರೆ ಅದರಿಂದ ಭೂಸೇನೆಯಲ್ಲಿ ಕ್ಯಾಪ್ಟನ್ ರ‍್ಯಾಂಕ್ ಸಿಗುವುದಿಲ್ಲ. ಬಿ.ಇ. ಮಾಡಿದವನೂ ಲೆಫ್ಟಿನೆಂಟ್, ಎಂ.ಟೆಕ್ ಮಾಡಿದವನೂ ಲೆಫ್ಟಿನೆಂಟ್. ಬಿ.ಎ. ಮಾಡಿ ಸಿಡಿಎಸ್ ಪರೀಕ್ಷೆ ಬರೆದು ಹೋದವನೂ ಲೆಫ್ಟಿನೆಂಟೇ. ಮಗಳ ವಿಷಯದಲ್ಲಿ ಮಾತ್ರ ನೀವು ಕೇಳಿದ್ದು ನಿಜ. ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ, ಅಂದರೆ ಕೆಲವು ವರ್ಷಗಳ ಅವಧಿಯ ಅಧಿಕಾರಿ ನೇಮಕದಲ್ಲಿ, ಆರ್ಮಿ ಮೆಡಿಕಲ್ ಕೋರ್ (ಎಎಂಸಿ) ಸೇರಿದರೆ ಮೊದಲ ದಿನವೇ ಹೆಗಲ ಮೇಲೆ ಮೂರು ನಕ್ಷತ್ರ. ಅಂದರೆ ಕ್ಯಾಪ್ಟನ್.

ಯಾರು ಎಲ್ಲಿಂದ ಶುರು ಮಾಡುತ್ತಾರೆ ಅಂತ ಮೊದಲು ಹೇಳಿಬಿಡುತ್ತೇನೆ. ಭೂಸೇನೆಯ ಅಧಿಕಾರಿಗೆ ಮೊದಲ ಮೆಟ್ಟಿಲು ಲೆಫ್ಟಿನೆಂಟ್, ಎರಡು ನಕ್ಷತ್ರ. ಎರಡನೇ ಪಿಯುಸಿ ಆದ ಮೇಲೆ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೋದವರು, ಪದವಿ ಆದ ಮೇಲೆ ಸಿಡಿಎಸ್ ಬರೆದವರು, ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಮೇಲೆ ಹೋದವರು, ಎಂಜಿನಿಯರುಗಳು, ವಕೀಲರು, ಎಂ.ಎ., ಎಂ.ಎಸ್ಸಿ. ಮಾಡಿ ಎಜುಕೇಷನ್ ಕೋರ್ ಸೇರುವವರು, ಎಲ್ಲರಿಗೂ ಇದೇ. ಕ್ಯಾಪ್ಟನ್‌ನಿಂದ ಶುರು ಮಾಡುವವರು ಮೂರೇ ಗುಂಪು: ಎಂಬಿಬಿಎಸ್ ವೈದ್ಯರು, ದಂತವೈದ್ಯರು, ಪಶುವೈದ್ಯರು. ಹಾಸನದ ಪಶುವೈದ್ಯ ಕಾಲೇಜಿನಲ್ಲಿ ಓದಿದ ಹುಡುಗ ರಿಮೌಂಟ್ ವೆಟರ್ನರಿ ಕೋರ್ ಸೇರಿದರೆ ಕ್ಯಾಪ್ಟನ್. ಅವನ ಕೆಲಸ ಸೇನೆಯ ಕುದುರೆ, ಹೇಸರಗತ್ತೆ, ನಾಯಿಗಳ ಆರೋಗ್ಯ ನೋಡಿಕೊಳ್ಳುವುದು. ಇದನ್ನು ಕೇಳಿದ ಎಂ.ಟೆಕ್ ಹುಡುಗರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ನಾನೇ ನೋಡಿದ್ದೇನೆ.

ವಾಯುಪಡೆಯಲ್ಲಿ ಎಂಜಿನಿಯರ್ ಶುರು ಮಾಡುವುದು ಫ್ಲೈಯಿಂಗ್ ಆಫೀಸರ್ ಆಗಿ, ನೌಕಾಪಡೆಯಲ್ಲಿ ಸಬ್ ಲೆಫ್ಟಿನೆಂಟ್ ಆಗಿ. ಎರಡೂ ಭೂಸೇನೆಯ ಲೆಫ್ಟಿನೆಂಟ್‌ಗೆ ಸಮ. ಅಲ್ಲಿಗೆ ಹೋಗುವ ವೈದ್ಯರು ಫ್ಲೈಟ್ ಲೆಫ್ಟಿನೆಂಟ್ ಅಥವಾ ಸರ್ಜನ್ ಲೆಫ್ಟಿನೆಂಟ್. ಅವು ಭೂಸೇನೆಯ ಕ್ಯಾಪ್ಟನ್‌ಗೆ ಸಮ. ನೌಕಾಪಡೆಯಲ್ಲೂ ಕ್ಯಾಪ್ಟನ್ ಅಂತ ಒಂದು ರ‍್ಯಾಂಕ್ ಇದೆ, ಅದು ಭೂಸೇನೆಯ ಕರ್ನಲ್‌ಗೆ ಸಮ. ಮದುವೆ ಮಾತುಕತೆಗಳಲ್ಲಿ ಇದು ಎಷ್ಟು ಗೊಂದಲ ಮಾಡುತ್ತದೆ ಅಂತ ಕೇಳಬೇಡಿ.

ಈಗ ಯಾಕೆ ಹೀಗೆ ಅನ್ನೋದು. ವೈದ್ಯರು ಜಾಸ್ತಿ ವರ್ಷ ಓದಿರುತ್ತಾರೆ, ಅದಕ್ಕೇ ಒಂದು ಮೆಟ್ಟಿಲು ಮೇಲೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅರ್ಧ ಸರಿ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಪಶುವೈದ್ಯಕ್ಕೂ ಅಷ್ಟೇ. ಹಾಗಾದರೆ ವಕೀಲ? ಮೂರು ವರ್ಷದ ಪದವಿ, ಆಮೇಲೆ ಮೂರು ವರ್ಷ ಎಲ್‌ಎಲ್‌ಬಿ. ಒಟ್ಟು ಆರು. ಅವನು ಸೇನೆಯ ಕಾನೂನು ವಿಭಾಗವಾದ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆಗೆ ಸೇರಿದರೂ ಲೆಫ್ಟಿನೆಂಟೇ. ಬಿ.ಇ. ಮತ್ತು ಎಂ.ಟೆಕ್ ಸೇರಿದರೂ ಆರು ವರ್ಷ. ವರ್ಷ ಎಣಿಸಿ ರ‍್ಯಾಂಕ್ ಕೊಡುವುದಾಗಿದ್ದರೆ ಇವರೆಲ್ಲ ಕ್ಯಾಪ್ಟನ್ ಆಗಬೇಕಿತ್ತು, ಅಲ್ವಾ?

ನನಗೆ ಕಾಣುವ ಕಾರಣ ಬೇರೆ. ಸೇನೆ ಕೇಳುವುದು ನೀನು ಎಷ್ಟು ಓದಿದ್ದೀಯ ಅಂತಲ್ಲ. ನಿನ್ನನ್ನು ಮೊದಲು ಸೈನಿಕನನ್ನಾಗಿ ಮಾಡದೆಯೇ ನಾಳೆ ಬೆಳಿಗ್ಗೆ ಕೆಲಸಕ್ಕೆ ಹಚ್ಚಬಹುದಾ ಅಂತ. ವೈದ್ಯೆ ವೃತ್ತಿಗೆ ನೋಂದಣಿಯಾಗಿ, ಕೈ ಪಳಗಿಸಿಕೊಂಡೇ ಬರುತ್ತಾಳೆ. ಅವಳಿಗೆ ಕಮಿಷನ್ ಮೊದಲು, ತರಬೇತಿ ಆಮೇಲೆ. ಲಖನೌದ ಎಎಂಸಿ ಸೆಂಟರ್ ಅಂಡ್ ಕಾಲೇಜಿನಲ್ಲಿ ವೈದ್ಯಾಧಿಕಾರಿಗಳ ಮೂಲ ಕೋರ್ಸ್‌ಗೆ ಹೋಗುವಾಗಲೇ ಅವಳು ಕ್ಯಾಪ್ಟನ್. ಎಂಜಿನಿಯರ್ ಹುಡುಗನ ಕಥೆ ಉಲ್ಟಾ. ಅವನು ಸುಮಾರು ಒಂದು ವರ್ಷ ಅಕಾಡೆಮಿಯಲ್ಲಿ ಕೆಡೆಟ್ ಆಗಿರುತ್ತಾನೆ. ಓಡಬೇಕು, ಬಂದೂಕು ಹಿಡಿಯಬೇಕು, ನಕ್ಷೆ ಓದಬೇಕು, ರಾತ್ರಿ ಕಾಡಿನಲ್ಲಿ ದಾರಿ ಹುಡುಕಬೇಕು. ಅದು ಮುಗಿಯುವವರೆಗೆ ಹೆಗಲ ಮೇಲೆ ನಕ್ಷತ್ರವೇ ಇರುವುದಿಲ್ಲ. ಸೇನೆಯ ಕಣ್ಣಿನಲ್ಲಿ ಅವನು ಮೊದಲು ಸೈನಿಕರನ್ನು ಮುನ್ನಡೆಸುವವನು, ಆಮೇಲೆ ಎಂಜಿನಿಯರ್. ವಕೀಲನಿಗೂ ಹಾಗೇ. ಅಕಾಡೆಮಿ ತರಬೇತಿ ಮುಗಿಸಿ, ಆಮೇಲೆ ನಾಗಪುರದ ಹತ್ತಿರದ ಕಾಮ್ಟಿಯಲ್ಲಿ ಸೇನಾ ಕಾನೂನು ಕಲಿಯಬೇಕು.

ಇನ್ನೊಂದು ಮಾತೂ ಇದೆ. ಎಂಜಿನಿಯರುಗಳನ್ನು ಸೇನೆ ತಾನೇ ತಯಾರು ಮಾಡಿಕೊಳ್ಳಬಲ್ಲದು. ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್, ಮಹೂವಿನ ಟೆಲಿಕಮ್ಯುನಿಕೇಷನ್ ಕಾಲೇಜು, ಸಿಕಂದರಾಬಾದಿನ ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್) ಕಾಲೇಜು, ಈ ಮೂರೂ ಸೇನೆಯವೇ. ಪಿಯುಸಿ ಮುಗಿಸಿದ ಹುಡುಗರನ್ನು ಟಿಇಎಸ್ (ಟೆಕ್ನಿಕಲ್ ಎಂಟ್ರಿ ಸ್ಕೀಮ್) ದಾರಿಯಲ್ಲಿ ತೆಗೆದುಕೊಂಡು ಇಲ್ಲೇ ಬಿ.ಇ. ಓದಿಸುತ್ತಾರೆ. ಅಧಿಕಾರಿಯಾದ ಮೇಲೆ ಎಂ.ಟೆಕ್‌ಗೂ ಕಳಿಸುತ್ತಾರೆ, ಕೆಲವರನ್ನು ಐಐಟಿಗಳಿಗೆ. ವೈದ್ಯರನ್ನೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಾದ ಎಎಫ್‌ಎಂಸಿಯಲ್ಲಿ ತಯಾರು ಮಾಡುತ್ತಾರೆ, ಅದು 1948ರಿಂದ ನಡೆಯುತ್ತಿದೆ. ಆದರೆ ಅಲ್ಲಿಂದ ಬರುವವರು ಮಾತ್ರ ಸಾಕಾಗುವುದಿಲ್ಲ. ಹೊರಗಿನಿಂದ ಕರೆಯಲೇಬೇಕು. ಹೊರಗೆ ಖಾಸಗಿ ಆಸ್ಪತ್ರೆಗಳು ಸಂಬಳ ಹಿಡಿದು ಕಾಯುತ್ತಿರುತ್ತವೆ. ಹಾಗಾಗಿ ಒಂದು ನಕ್ಷತ್ರ ಜಾಸ್ತಿ ಕೊಟ್ಟು ಕರೆಯುತ್ತಾರೆ.

ಈ ಲೆಕ್ಕಕ್ಕೆ ಸಿಗದ ಒಂದು ಗುಂಪಿದೆ. ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮಿಲಿಟರಿ ನರ್ಸಿಂಗ್ ಸರ್ವಿಸ್. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ನೋಂದಣಿ ಮಾಡಿಸಿಕೊಂಡು ಬರುವ ಹೆಣ್ಣುಮಕ್ಕಳು. ಇವರನ್ನೂ ಮರುದಿನವೇ ವಾರ್ಡಿಗೆ ಹಾಕಬಹುದು. ಹೊರಗೆ ಇವರಿಗೂ ಬೇಡಿಕೆ ಇದೆ. ಆದರೂ ಲೆಫ್ಟಿನೆಂಟ್ ಆಗಿಯೇ ಶುರು. ಬೇರೆ ಅಧಿಕಾರಿಗಳಿಗೆ ತಿಂಗಳಿಗೆ 15,500 ರೂಪಾಯಿ ಸೇನಾ ಸೇವಾ ವೇತನ ಅಂತ ಕೊಟ್ಟರೆ ಇವರಿಗೆ 10,800. ನನಗಂತೂ ಇದಕ್ಕೆ ಹಳೆಯ ರೂಢಿ ಬಿಟ್ಟರೆ ಬೇರೆ ಸಮರ್ಥನೆ ಕಾಣುವುದಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ನೀವು ಕೇಳಿಲ್ಲ, ಆದರೆ ರ‍್ಯಾಂಕ್ ಅಂದ ತಕ್ಷಣ ಮನೆಯಲ್ಲಿ ಮುಂದಿನ ಪ್ರಶ್ನೆ ಇದೇ ತಾನೆ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ಲೆಫ್ಟಿನೆಂಟ್‌ನ ಮೂಲ ವೇತನ 56,100 ರೂಪಾಯಿಯಿಂದ ಶುರು. ಕ್ಯಾಪ್ಟನ್‌ನದು 61,300. ವ್ಯತ್ಯಾಸ 5,200 ಅಷ್ಟೇ. ಸೇನಾ ಸೇವಾ ವೇತನ 15,500 ಇಬ್ಬರಿಗೂ ಒಂದೇ. ಹಾಗಾದರೆ ಮಗಳ ಸಂಬಳ ಯಾಕೆ ಅಷ್ಟು ಜಾಸ್ತಿ ಕಾಣುತ್ತದೆ? ಎನ್‌ಪಿಎಯಿಂದ. ಖಾಸಗಿಯಾಗಿ ಪ್ರಾಕ್ಟೀಸ್ ಮಾಡದೇ ಇರುವುದಕ್ಕೆ ವೈದ್ಯರಿಗೆ ಕೊಡುವ ಭತ್ಯೆ ಅದು. ಮೂಲ ವೇತನದ ಶೇ. 20. ಅಂದರೆ 61,300ಕ್ಕೆ 12,260. ಮೂರನ್ನೂ ಕೂಡಿಸಿದರೆ ಮಗಳಿಗೆ 89,060, ಮಗನಿಗೆ 71,600. ಇದರ ಮೇಲೆ ತುಟ್ಟಿಭತ್ಯೆ ಮತ್ತು ಬೇರೆ ಭತ್ಯೆಗಳು. ನಡುವಿನ ಅಂತರ 17,460 ರೂಪಾಯಿ. ಅದರಲ್ಲಿ ಮೂರನೇ ನಕ್ಷತ್ರದ ಪಾಲು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದೆಲ್ಲ ಡಾಕ್ಟರ್ ಅನ್ನೋ ಕಾರಣಕ್ಕೆ. ಆ ಭತ್ಯೆ ಮುಂದೆ ರ‍್ಯಾಂಕ್ ಏರಿದಾಗಲೂ ಜೊತೆಗೇ ಬರುತ್ತದೆ. ಮಗ ಎರಡು ವರ್ಷದಲ್ಲಿ ಕ್ಯಾಪ್ಟನ್ ಆದರೂ ಸಂಬಳದಲ್ಲಿ ಅಕ್ಕನ ಸಮ ಆಗುವುದಿಲ್ಲ.

ಹೌದು, ಎರಡೇ ವರ್ಷ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಧಿಕಾರಿಗಳ ಬಡ್ತಿಯ ಬಗ್ಗೆ ಎ.ವಿ. ಸಿಂಗ್ ಸಮಿತಿ ಕೊಟ್ಟ ಶಿಫಾರಸು 2004ರ ಕೊನೆಯಲ್ಲಿ ಜಾರಿಗೆ ಬಂದ ಮೇಲೆ ಕೆಳಗಿನ ಮೆಟ್ಟಿಲುಗಳೆಲ್ಲ ಕಾಲಕ್ಕೆ ಸರಿಯಾಗಿ ತಾವಾಗೇ ಬರುತ್ತವೆ. ಎರಡು ವರ್ಷ ಸೇವೆಗೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ನಡುವೆ ಇಲಾಖೆಯ ಪರೀಕ್ಷೆಗಳು ಇರುತ್ತವೆ, ಆದರೆ ಪೈಪೋಟಿ ಇಲ್ಲ. ನಿಜವಾದ ಪೈಪೋಟಿ ಶುರುವಾಗುವುದು ಕರ್ನಲ್‌ನಿಂದ. ಅಲ್ಲಿ ಹುದ್ದೆ ಕಡಿಮೆ, ಆಯ್ಕೆ ಮಂಡಳಿ ಕೂತು ಬ್ಯಾಚ್ ಪ್ರಕಾರ ಆರಿಸುತ್ತದೆ.

ಎಂ.ಟೆಕ್ ಲಾಭಕ್ಕಿಂತ ನಷ್ಟ ಜಾಸ್ತಿ ಮಾಡುವುದು ಇಲ್ಲೇ. 2000ನೇ ಇಸವಿಯಲ್ಲಿ ಹುಟ್ಟಿದ ಮೂವರು ಹುಡುಗರನ್ನು ತೆಗೆದುಕೊಳ್ಳಿ. ಒಬ್ಬ ಪಿಯುಸಿ ಆದ ಮೇಲೆ ಎನ್‌ಡಿಎಗೆ ಹೋದ. 2022ರಲ್ಲಿ ಲೆಫ್ಟಿನೆಂಟ್ ಆದ. ಎರಡನೆಯವನು ಬಿ.ಇ. ಮುಗಿಸಿ ತರಬೇತಿಗೆ ಹೋಗಿ 2024ರಲ್ಲಿ ಲೆಫ್ಟಿನೆಂಟ್ ಆದ. ಮೂರನೆಯವನು ಎಂ.ಟೆಕ್ ಕೂಡ ಮಾಡಿ 2026ರಲ್ಲಿ. ಈಗ 2028ಕ್ಕೆ ಬನ್ನಿ. ಎನ್‌ಡಿಎ ಹುಡುಗ ಆಗ ಮೇಜರ್. ಬಿ.ಇ. ಹುಡುಗ ಕ್ಯಾಪ್ಟನ್ ಆಗಿ ಎರಡು ವರ್ಷ ಆಗಿರುತ್ತದೆ. ಮೂವರಲ್ಲಿ ಅತಿ ಹೆಚ್ಚು ಓದಿದವನು ಆಗ ತಾನೇ ಕ್ಯಾಪ್ಟನ್. 2035ರಲ್ಲಿ ಮೊದಲನೆಯವನು ಲೆಫ್ಟಿನೆಂಟ್ ಕರ್ನಲ್ ಆದರೆ, ಎಂ.ಟೆಕ್ ಹುಡುಗನಿಗೆ ಅದು 2039. ಬೆಂಗಳೂರಿನಿಂದ ಬರುವ ಬಸ್ಸನ್ನು ಮದ್ದೂರಿನಲ್ಲಿ ಹತ್ತಿದವರ ಪಾಡು ಗೊತ್ತಲ್ಲ. ಬ್ಯಾಗ್ ಎಷ್ಟು ದೊಡ್ಡದಿದ್ದರೂ ಮೊದಲೇ ಕೂತವರು ಎದ್ದು ಸೀಟು ಕೊಡುವುದಿಲ್ಲ. ಸೇನೆಯಲ್ಲಿ ಸೀನಿಯಾರಿಟಿ ಹಾಗೆ.

ವಯಸ್ಸಿನ ಲೆಕ್ಕವೂ ಇದೆ. ಎಂಜಿನಿಯರುಗಳ ಎರಡು ಮುಖ್ಯ ದಾರಿಗಳಾದ ಟಿಜಿಸಿ (ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್) ಮತ್ತು ಎಸ್‌ಎಸ್‌ಸಿ ಟೆಕ್ (ಎಂಜಿನಿಯರುಗಳ ಶಾರ್ಟ್ ಸರ್ವಿಸ್ ಕಮಿಷನ್) ಎರಡರಲ್ಲೂ ವಯಸ್ಸು 20ರಿಂದ 27. ಎಂ.ಟೆಕ್ ಮುಗಿಸುವ ಹೊತ್ತಿಗೆ 24 ಆಗಿರುತ್ತದೆ. ಸೇನೆಯ ಐದು ದಿನದ ಆಯ್ಕೆ ಸಂದರ್ಶನವಾದ ಎಸ್‌ಎಸ್‌ಬಿಯಲ್ಲಿ ಒಂದೆರಡು ಸಲ ಫೇಲ್ ಆಗುವುದು ಮಾಮೂಲು. ಬಿ.ಇ. ಆದ ತಕ್ಷಣ ಶುರು ಮಾಡಿದವನಿಗೆ ಮತ್ತೆ ಮತ್ತೆ ಪ್ರಯತ್ನ ಪಡಲು ಸಮಯ ಇರುತ್ತದೆ. ಎಂ.ಟೆಕ್ ಮುಗಿಸಿ ಹೊರಟವನಿಗೆ ಬಾಗಿಲು ಬೇಗ ಮುಚ್ಚುತ್ತದೆ. ನಿವೃತ್ತಿಯ ಕಡೆಯಿಂದ ನೋಡಿದರೂ ಅಷ್ಟೇ. ಸೇನೆಯ ಸಾಮಾನ್ಯ ವಿಭಾಗಗಳಲ್ಲಿ ಕರ್ನಲ್ 54ಕ್ಕೆ ನಿವೃತ್ತ. ತಡವಾಗಿ ಸೇರಿದಷ್ಟೂ ಮೇಲಿನ ಮೆಟ್ಟಿಲಿಗೆ ಉಳಿಯುವ ವರ್ಷ ಕಡಿಮೆ.

ಹಾಗಾದರೆ ಓದಿಗೆ ಬೆಲೆಯೇ ಇಲ್ಲವಾ ಅಂತ ಕೇಳಬೇಡಿ. ಇದೆ, ಆದರೆ ಅದು ಹೆಗಲ ಮೇಲೆ ಕಾಣುವುದಿಲ್ಲ, ಫೈಲಿನಲ್ಲಿ ಇರುತ್ತದೆ. ಸೇನೆಯಲ್ಲಿ ಆಂಟಿಡೇಟ್ ಸೀನಿಯಾರಿಟಿ ಅಂತ ಒಂದು ಏರ್ಪಾಡು ಇದೆ. ನೀವು ಕಮಿಷನ್ ಪಡೆದ ತಾರೀಖು ಒಂದು, ಆದರೆ ಸೇವೆಯ ಲೆಕ್ಕ ಅದಕ್ಕಿಂತ ಹಿಂದಿನ ತಾರೀಖಿನಿಂದ. ಟಿಜಿಸಿ ಅಧಿಸೂಚನೆಗಳಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ಒಂದು ವರ್ಷ ಹೀಗೆ ಕೊಡುವ ಸಾಲು ಬಹಳ ಕಾಲ ಇತ್ತು. ಒಂದು ವರ್ಷ ಸಿಕ್ಕರೆ ಕ್ಯಾಪ್ಟನ್ ಆಗುವುದು ಒಂದು ವರ್ಷ ಮೊದಲು, ಮೇಜರ್ ಆಗುವುದೂ ಒಂದು ವರ್ಷ ಮೊದಲು. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಮಗ ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಆ ಸಾಲು ಇದೆಯಾ ಅಂತ ಅವನೇ ಕಣ್ಣಾರೆ ಓದಿಕೊಳ್ಳಲಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಹಳೆಯ ಪಿಡಿಎಫ್ ನಂಬಿಕೊಳ್ಳಬೇಡಿ. ವೈದ್ಯರಲ್ಲೂ ಇದು ಇದೆ. ಎಂಡಿ, ಎಂಎಸ್ ಮಾಡಿ ಸೇರುವವರು ಶುರುವಿಗೆ ಕ್ಯಾಪ್ಟನ್ನೇ, ಮೇಜರ್ ಅಲ್ಲ. ಆದರೆ ಹಿಂದಿನ ತಾರೀಖಿನ ಸೀನಿಯಾರಿಟಿ ಸಿಗುವುದರಿಂದ ಮುಂದಿನ ಮೆಟ್ಟಿಲು ಹತ್ತಿರವಾಗುತ್ತದೆ. ವಯಸ್ಸಿನಲ್ಲೂ ಅವರಿಗೆ ಸಡಿಲಿಕೆ ಇದೆ. ಎಂಬಿಬಿಎಸ್ ಮಾತ್ರ ಆದವರಿಗೆ 30ರ ಒಳಗೆ, ಪಿಜಿ ಆದವರಿಗೆ 35ರ ಒಳಗೆ.

ಒಟ್ಟಿನಲ್ಲಿ ನಮ್ಮ ಸೇನೆಯಲ್ಲಿ ನಡುವಿನ ಮೆಟ್ಟಿಲಿಗೆ ನೇರ ಪ್ರವೇಶ ಅನ್ನೋದು ಇಲ್ಲ. ಇಪ್ಪತ್ತು ವರ್ಷ ಅನುಭವ ಇರುವ ಸಾಫ್ಟ್‌ವೇರ್ ತಜ್ಞ ಬಂದು ನನ್ನನ್ನು ಕರ್ನಲ್ ಮಾಡಿ ಅಂದರೆ ಆಗುವುದಿಲ್ಲ. ಟೆರಿಟೋರಿಯಲ್ ಆರ್ಮಿ 42 ವರ್ಷದವರೆಗೆ ಉದ್ಯೋಗಸ್ಥ ಪದವೀಧರರನ್ನು ತೆಗೆದುಕೊಳ್ಳುತ್ತದೆ, ಅಲ್ಲೂ ಶುರು ಲೆಫ್ಟಿನೆಂಟ್‌ನಿಂದಲೇ. ಅಮೆರಿಕದ ದಾರಿ ಬೇರೆ. ಅಲ್ಲಿಯೂ ವೈದ್ಯರು ಕ್ಯಾಪ್ಟನ್ ಆಗೇ ಶುರು ಮಾಡುತ್ತಾರೆ, ವಕೀಲರು ಫಸ್ಟ್ ಲೆಫ್ಟಿನೆಂಟ್ ಆಗಿ, ಅಂದರೆ ಕೆಳಗಿನ ಮೆಟ್ಟಿಲಿನಿಂದ ಒಂದು ಮೇಲೆ. ಅಷ್ಟೇ ಅಲ್ಲ, 2025ರ ಜೂನ್‌ನಲ್ಲಿ ಮೆಟಾ, ಓಪನ್‌ಎಐ, ಪ್ಯಾಲಂಟಿರ್ ಥರದ ಕಂಪನಿಗಳ ಹಿನ್ನೆಲೆಯ ನಾಲ್ವರನ್ನು ಅಲ್ಲಿನ ಮೀಸಲು ಸೇನೆಗೆ ನೇರವಾಗಿ ಲೆಫ್ಟಿನೆಂಟ್ ಕರ್ನಲ್ ಮಾಡಿಬಿಟ್ಟರು. ಡಿಟ್ಯಾಚ್‌ಮೆಂಟ್ 201 ಅಂತ ಅದಕ್ಕೆ ಹೆಸರು. ನಿಮ್ಮ ಭಾವಮೈದ ಇಂಥ ಸುದ್ದಿ ನೋಡಿರಬಹುದು. ನಮ್ಮಲ್ಲಿ ಧೋನಿಗೆ ಲೆಫ್ಟಿನೆಂಟ್ ಕರ್ನಲ್, ತೆಂಡೂಲ್ಕರ್‌ಗೆ ಗ್ರೂಪ್ ಕ್ಯಾಪ್ಟನ್ ಕೊಟ್ಟಿದ್ದು ಗೌರವದ ರ‍್ಯಾಂಕ್. ಅದಕ್ಕೂ ಓದಿಗೂ ಸಂಬಂಧ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟರ ಹೆಸರಿನ ಮುಂದೆ ಲೆಫ್ಟಿನೆಂಟ್, ಕ್ಯಾಪ್ಟನ್ ಅಂತ ಇರುತ್ತದೆ. ಅದು ಎನ್‌ಸಿಸಿಯ ಕಮಿಷನ್. ಅವರು ಅಧ್ಯಾಪಕರಾಗಿದ್ದುಕೊಂಡೇ ಆ ಕೆಲಸ ಮಾಡುತ್ತಾರೆ. ಪಿಎಚ್.ಡಿ. ಮಾಡಿದ ಲೆಕ್ಚರರ್ ಕ್ಯಾಪ್ಟನ್ ಆಗಿದ್ದನ್ನು ನೋಡಿ, ಓದಿದ್ದಕ್ಕೇ ಸೇನೆ ಆ ರ‍್ಯಾಂಕ್ ಕೊಟ್ಟಿದೆ ಅಂದುಕೊಳ್ಳುವವರು ಬಹಳ. ಹಾಗಲ್ಲ.

ಈಗ ಕ್ಯಾಪ್ಟನ್ ಅಂದರೆ ಎಷ್ಟು ಅಧಿಕಾರ ಅನ್ನೋದು. ನಿಮ್ಮ ಪ್ರಶ್ನೆಯ ಒಳಗೆ ಅದೂ ಇದೆ ಅಂತ ನನಗೆ ಅನ್ನಿಸಿತು. ಪದಾತಿ ದಳದ ಲೆಫ್ಟಿನೆಂಟ್‌ನ ಕೈಕೆಳಗೆ ಸುಮಾರು ಮೂವತ್ತು ಜನರ ಒಂದು ಪ್ಲಟೂನ್ ಇರುತ್ತದೆ. ಅವರನ್ನು ಗುಂಡಿನ ಎದುರು ಕರೆದುಕೊಂಡು ಹೋಗುವ ಅಧಿಕಾರ ಅವನದು. ಅದೇ ಬೆಟಾಲಿಯನ್‌ನ ವೈದ್ಯಾಧಿಕಾರಿ ಕ್ಯಾಪ್ಟನ್ ಇರಬಹುದು. ಆದರೆ ಆ ಮೂವತ್ತು ಜನ ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಹೋಗಬೇಕು ಅಂತ ವೈದ್ಯರು ಹೇಳುವಂತಿಲ್ಲ. ಅವರ ಅಧಿಕಾರ ವೈದ್ಯಕೀಯ ಘಟಕದೊಳಗೆ. ಆದರೆ ಆ ಅಧಿಕಾರ ಸಣ್ಣದಲ್ಲ. ಸೈನಿಕನ ದೇಹಸ್ಥಿತಿಯನ್ನು ಸೇನೆಯಲ್ಲಿ ಶೇಪ್ ಅನ್ನೋ ಮಾಪನದಲ್ಲಿ ಬರೆಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ಒಟ್ಟಾರೆ ದೇಹ, ಕಣ್ಣು, ಐದಕ್ಕೂ ಬೇರೆ ಬೇರೆ ಅಂಕಿ. ಬಡ್ತಿ, ಕೋರ್ಸ್, ಪೋಸ್ಟಿಂಗ್ ಎಲ್ಲ ಅದರ ಮೇಲೆ ನಿಂತಿರುತ್ತವೆ. ಇವನಿಗೆ ಈ ಕೆಲಸ ಆಗುವುದಿಲ್ಲ ಅಂತ ವೈದ್ಯರು ಬರೆದರೆ ಬೆಟಾಲಿಯನ್‌ನ ಕರ್ನಲ್ ಸಾಹೇಬರೂ ಸುಮ್ನೆ ಒಪ್ಪಿಕೊಳ್ಳಬೇಕಾಗುತ್ತದೆ.

ಮೇಲಿಂದ ಶುರು ಮಾಡಿದವರು ಮೇಲಕ್ಕೇ ಹೋಗುತ್ತಾರೆ ಅಂತಲೂ ಇಲ್ಲ. ವೈದ್ಯರ ಸಾಲಿನಲ್ಲಿ ತುದಿ ಲೆಫ್ಟಿನೆಂಟ್ ಜನರಲ್. ಸರ್ಜನ್ ವೈಸ್ ಅಡ್ಮಿರಲ್ ಆರ್ತಿ ಸರೀನ್ 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಗೆ ಮುಖ್ಯಸ್ಥರಾದರು. ಆ ಕುರ್ಚಿಗೆ ಬಂದ ಮೊದಲ ಮಹಿಳೆ ಅವರು, ರ‍್ಯಾಂಕ್ ಲೆಫ್ಟಿನೆಂಟ್ ಜನರಲ್‌ಗೆ ಸಮ. ಅದಕ್ಕಿಂತ ಮೇಲೆ, ಸೇನಾ ಮುಖ್ಯಸ್ಥರ ಹುದ್ದೆಗೆ, ವೈದ್ಯರು ಹೋಗುವಂತಿಲ್ಲ. ಇನ್ನೊಂದು ಕಡೆ 2022ರಲ್ಲಿ ಜನರಲ್ ಮನೋಜ್ ಪಾಂಡೆ ಭೂಸೇನೆಯ ಮುಖ್ಯಸ್ಥರಾದರು. ಎಂಜಿನಿಯರ್ಸ್ ಕೋರ್‌ನಿಂದ ಆ ಹುದ್ದೆಗೆ ಬಂದ ಮೊದಲಿಗರು. ಅವರು ಹೋಗಿದ್ದು ಎನ್‌ಡಿಎ ದಾರಿಯಲ್ಲಿ. ಎಂ.ಟೆಕ್ ಮಾಡಿಕೊಂಡು ಹೋದವರಲ್ಲ.

ನಿಮ್ಮ ಊರಿನ ಬೇರೆ ಹುಡುಗರಿಗೂ ಒಂದು ಮಾತು. ಅಧಿಕಾರಿಗಿಂತ ಕೆಳಗಿನ ದರ್ಜೆಗಳಲ್ಲಿ ಓದಿಗೆ ಸಿಗುವ ಬೆಲೆ ಇನ್ನೂ ಸ್ಪಷ್ಟವಾಗಿದೆ. ಪದವಿಯ ಜೊತೆ ಬಿ.ಎಡ್. ಆದವರು ಹವಾಲ್ದಾರ್ ಎಜುಕೇಷನ್‌ಗೆ ಅರ್ಜಿ ಹಾಕಬಹುದು. ನೇರವಾಗಿ ಹವಾಲ್ದಾರ್, ಮೂರು ಪಟ್ಟಿ. ಸಿಪಾಯಿಯಾಗಿ ಸೇರಿದವನು ಅಲ್ಲಿಗೆ ಬರಲು ಎಷ್ಟೋ ವರ್ಷ ಬೇಕು. ಜೆಸಿಒ ಅಂದರೆ ಹವಾಲ್ದಾರ್‌ಗಿಂತ ಮೇಲೆ, ಅಧಿಕಾರಿಗಿಂತ ಕೆಳಗಿನ ದರ್ಜೆ. ಧರ್ಮಗುರು ಜೆಸಿಒ, ಕೇಟರಿಂಗ್ ಜೆಸಿಒ ಹುದ್ದೆಗಳಿಗೆ ಸೇರಿದವರು ನೇರವಾಗಿ ನಾಯಬ್ ಸುಬೇದಾರ್. ಪದವಿ ಇಟ್ಟುಕೊಂಡು ಇವುಗಳ ಸುದ್ದಿಯೇ ಗೊತ್ತಿಲ್ಲದೆ ಅಗ್ನಿವೀರ್ ರ‍್ಯಾಲಿಗೆ ಓಡುವ ಹುಡುಗರನ್ನು ನೋಡಿದರೆ ಬೇಜಾರಾಗುತ್ತದೆ.

ಇನ್ನು ನಿಮ್ಮ ಮನೆಯ ಲೆಕ್ಕ. ಮಗಳಿಗೆ ಮೊದಲು ಇಂಟರ್ನ್‌ಶಿಪ್ ಮುಗಿದು ಕಾಯಂ ನೋಂದಣಿ ಆಗಬೇಕು. ಇತ್ತೀಚಿನ ಅಧಿಸೂಚನೆಗಳಲ್ಲಿ ನೀಟ್ ಪಿಜಿ ಅಂಕ ಕೇಳುತ್ತಿದ್ದಾರೆ, ಹಾಗಾಗಿ ಆ ಪರೀಕ್ಷೆ ಬರೆದೇ ಬರೆಯಲಿ. ವೈದ್ಯರಿಗೆ ಐದು ದಿನದ ಎಸ್‌ಎಸ್‌ಬಿ ಇಲ್ಲ. ದೆಹಲಿಯಲ್ಲಿ ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ. ಅವಧಿ ಮೊದಲು ಐದು ವರ್ಷ, ಬೇಕೆಂದರೆ ಎರಡು ಕಂತಿನಲ್ಲಿ ಒಂಬತ್ತು ವರ್ಷ ಮುಂದುವರಿಸಬಹುದು. ಅವಳಿಗೆ ಪಿಜಿ ಮಾಡುವ ಆಸೆ ಇದ್ದರೆ ಈಗಲೇ ಯೋಚಿಸಲಿ. ಸೇನೆಯ ಆಸ್ಪತ್ರೆಗಳಲ್ಲಿ ಪಿಜಿ ಸೀಟುಗಳಿವೆ, ನಮ್ಮ ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೂ ಇವೆ. ಆದರೆ ಅಲ್ಲಿ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ನೇಮಕ ಇರುವವರ ಕೈ ಮೇಲು. ಸರ್ಕಾರಿ ಕಾಲೇಜಿನಲ್ಲಿ ಓದಿದ್ದಕ್ಕೆ ಗ್ರಾಮೀಣ ಸೇವೆಯ ನಿಯಮ ಅವಳ ಬ್ಯಾಚಿಗೆ ಹೇಗೆ ಅನ್ವಯವಾಗುತ್ತದೆ ಅಂತ ಕಾಲೇಜಿನ ಆಫೀಸಿನಲ್ಲಿ ಬರಹದಲ್ಲೇ ಕೇಳಿಕೊಳ್ಳಿ.

ಮಗ ಕಾಯಬೇಕಿಲ್ಲ. ಕೊನೆಯ ವರ್ಷದಲ್ಲಿ ಇರುವಾಗಲೇ ಟಿಜಿಸಿ, ಎಸ್‌ಎಸ್‌ಸಿ ಟೆಕ್ ಎರಡಕ್ಕೂ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲ. ಆರನೇ ಸೆಮಿಸ್ಟರ್‌ವರೆಗಿನ ಅಂಕ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಟಿಜಿಸಿ ಪರ್ಮನೆಂಟ್ ಕಮಿಷನ್, ತರಬೇತಿ ಡೆಹ್ರಾಡೂನ್‌ನಲ್ಲಿ, ಆದರೆ ಸೀಟು ಕಡಿಮೆ. ಈಚಿನ ಕೋರ್ಸ್‌ಗಳಲ್ಲಿ 30 ಇದ್ದವು. ಎಸ್‌ಎಸ್‌ಸಿ ಟೆಕ್‌ನಲ್ಲಿ ಹುಡುಗರಿಗೆ 350. ಅದು ಹತ್ತು ವರ್ಷ, ಮುಂದೆ ನಾಲ್ಕು ವರ್ಷ ವಿಸ್ತರಣೆ, ಹತ್ತರ ಹೊತ್ತಿಗೆ ಪರ್ಮನೆಂಟ್ ಕೇಳಬಹುದು. ಜೊತೆಗೆ ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಕೂಡ ಬರೆಯಲಿ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ದೂರದ ಊರಿನ ಹುಡುಗರು ಎರಡು ರಾತ್ರಿ ರೈಲಿನಲ್ಲಿ ಕೂತು ಅಲ್ಲಿಗೆ ಬರುತ್ತಾರೆ, ನಿಮ್ಮವನು ರೂಮಿನಿಂದ ಆಟೋ ಹಿಡಿದರೆ ಸಾಕು. ಎಂ.ಟೆಕ್ ಆಸೆ ಇದ್ದರೆ ಸೇವೆಯಲ್ಲಿ ಇದ್ದುಕೊಂಡೇ, ಸಂಬಳ ತಗೊಂಡೇ ಮಾಡಲಿ.

ಸೆಲ್ಯೂಟ್ ವಿಷಯ. ಸಮವಸ್ತ್ರ ತೊಟ್ಟು ಡ್ಯೂಟಿಯಲ್ಲಿ ಇರುವಾಗ ರ‍್ಯಾಂಕ್‌ನಲ್ಲಿ ಮೇಲಿರುವವರಿಗೆ ಕೆಳಗಿನವರು ಗೌರವ ಕೊಡಲೇಬೇಕು. ಅಕ್ಕ, ತಂಗಿ, ಅಪ್ಪ ಅಂತ ವಿನಾಯಿತಿ ಇಲ್ಲ. ಅವನು ಕ್ಯಾಪ್ಟನ್ ಆದ ಮೇಲೂ ತಾರೀಖಿನ ಪ್ರಕಾರ ಅವಳೇ ಸೀನಿಯರ್. ಹೇಗೂ ಅಕ್ಕ ತಾನೆ, ಮನೆಯಲ್ಲೂ ಅವಳ ಮಾತೇ ನಡೆಯುತ್ತಿರಬೇಕು.

ಕೊನೆಗೆ ಒಂದು ಕೆಲಸ ನೀವೇ ಮಾಡಿ. ಇಬ್ಬರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಡಿಗ್ರಿ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ. ಹುಟ್ಟಿದ ತಾರೀಖು, ಹೆಸರು, ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಎಲ್ಲ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೇ ಇರಬೇಕು. ವ್ಯತ್ಯಾಸ ಇದ್ದರೆ ತಿದ್ದುಪಡಿಗೆ ಈಗಲೇ ಅರ್ಜಿ ಕೊಡಿ. ಆಯ್ಕೆ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿಗೆ ಅಲೆಯಲು ಸಮಯ ಸಿಗುವುದಿಲ್ಲ.